ಕ್ವಾಂಟಂ ಯಂತ್ರಕ್ಕೆ ಪ್ರಭುಗಳ ಕೃಪಾದೃಷ್ಟಿ

ಬಹಳ ಹಿಂದೆ, ದಿನಪತ್ರಿಕೆಗಳು ಇನ್ನೂ ತಾಳೆಗರಿಯ ಮೇಲೆ ಅಚ್ಚಾಗುತ್ತಿದ್ದ ಕಾಲದಲ್ಲಿ, ಕತ್ತರಿಪುರವೆಂಬ ರಾಜ್ಯವೊಂದಿತ್ತು. ಓದುಗರು ದಯವಿಟ್ಟು ಅದನ್ನು ನಕಾಶೆಯಲ್ಲಿ ಹುಡುಕಬಾರದು. ಆ ನಕಾಶೆಯ ಉದ್ಘಾಟನೆ ಇನ್ನೂ ಆಗಿಲ್ಲ.

ಆ ರಾಜ್ಯಕ್ಕೆ ಇದ್ದದ್ದು ಒಂದೇ ಮೂಲ ಕಾನೂನು. ಮಹಾರಾಜರು ಟೇಪು ಕತ್ತರಿಸದ ಹೊರತು ಯಾವ ವಸ್ತುವೂ ಅಸ್ತಿತ್ವಕ್ಕೆ ಬಂದಂತಲ್ಲ. ಊರಬಾವಿಯಲ್ಲಿ ನೀರು ತುಂಬಿ ತುಳುಕುತ್ತಿದ್ದರೂ ಪ್ರಭುಗಳ ಡೇಟ್ ಸಿಗುವವರೆಗೆ ಜನ ಬಾಯಾರಿಕೊಂಡೇ ಇರಬೇಕಿತ್ತು. ಹೊಳೆಯ ಸೇತುವೆ ಮೂರು ವರ್ಷ ಟೇಪು ಸುತ್ತಿಕೊಂಡು ನಿಂತಿತ್ತು. ಜನ ಅದರ ಕೆಳಗೆ ಈಜಿಕೊಂಡು ದಾಟುತ್ತ, ನೆರಳಾದರೂ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದರು. ಶ್ರೀಮನ್ಮಹಾರಾಜ ಉದ್ಘಾಟನವರ್ಮ ಪ್ರಭುಗಳು ಸೊಂಟದಲ್ಲಿ ಖಡ್ಗ ಇರಬೇಕಾದ ಜಾಗದಲ್ಲಿ ಚಿನ್ನದ ಕತ್ತರಿ ಸಿಕ್ಕಿಸಿಕೊಂಡಿರುತ್ತಿದ್ದರು. ಅವರ ಬೆನ್ನಿಗೆ ಮಹಾಮಂತ್ರಿ ಬಹುಪರಾಕಯ್ಯನವರು ಸದಾ ಅರ್ಧ ಬಗ್ಗಿದ ಭಂಗಿಯಲ್ಲಿರುತ್ತಿದ್ದರು. ಅವರು ನೆಟ್ಟಗೆ ನಿಂತದ್ದನ್ನು ಅವರ ಮನೆಯವರೂ ನೋಡಿರಲಿಲ್ಲ.

ಆ ವರ್ಷ ರಾಜಧಾನಿಗೆ ಸರದಿ ಜ್ವರ ಬಂತು. ಒಂಬತ್ತು ದಿನಕ್ಕೊಮ್ಮೆ ಏರಿ ಇಳಿಯುವ ಜ್ವರ. ಏಳೆಂಟು ಸಲ ಏರಿದರೆ ರೋಗಿ ಮತ್ತೆ ಏಳುತ್ತಿರಲಿಲ್ಲ. ಹೆಚ್ಚು ಪೆಟ್ಟು ಬಿದ್ದದ್ದು ಕಂಚುಗಾರ ಬೀದಿಗೆ. ಅಲ್ಲಿನ ಗುರುಸಿದ್ದಾಚಾರಿಯ ಹೆಂಡತಿ ಸಣ್ಣಮ್ಮನಿಗೆ ಆಗಲೇ ಒಂದು ಸಲ ಬಂದು ಹೋಗಿತ್ತು.

ಅದೇ ಬೀದಿಯ ತುದಿಯಲ್ಲಿ ರಾಜ್ಯದ ಪ್ರಯೋಗಶಾಲೆ. ಅದರ ಮುಖ್ಯಸ್ಥೆ ಡಾಕ್ಟರ್ ಯಶಸ್ವತಿ ಒಂಬತ್ತು ವರ್ಷ ಕೂತು ಒಂದು ಕ್ವಾಂಟಂ ಕಂಪ್ಯೂಟರ್ ಕಟ್ಟಿದ್ದರು. ಸಾವಿರಾರು ಮದ್ದುಗಳಲ್ಲಿ ಈ ಜ್ವರದ ವಿಷಕ್ಕೆ ಸರಿಯಾಗಿ ಅಂಟುವುದು ಯಾವುದು ಎಂದು ಮಾಮೂಲಿ ಕಂಪ್ಯೂಟರನ್ನು ಕೇಳಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಉತ್ತರ ಬರುತ್ತಿತ್ತು. ಮಾಮೂಲಿ ಯಂತ್ರ ಒಂದು ಹಿಡಿದರೆ ಸೊನ್ನೆ ಬಿಡುತ್ತದೆ, ಸೊನ್ನೆ ಹಿಡಿದರೆ ಒಂದು ಬಿಡುತ್ತದೆ. ಯಶಸ್ವತಿಯವರ ಯಂತ್ರ ಲೆಕ್ಕ ಮುಗಿಯುವವರೆಗೂ ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿರುತ್ತಿತ್ತು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಕೊಟ್ಟರೆ ಮದ್ದಿನ ಹೆಸರು ಹೇಳುತ್ತೇನೆ ಎಂದು ಅವರು ಅರಮನೆಗೆ ಬರೆದರು. ಲೆಕ್ಕ ಮುಗಿದ ಮೇಲೆ ಉದ್ಘಾಟನೆ ಎಂಬ ಮಾತಿನ ಮೇಲೆ ಅರಮನೆ ಒಪ್ಪಿತು.

ಷರತ್ತು ಒಂದಿತ್ತು. ಯಂತ್ರ ಇರುವ ಚಳಿಯ ಮುಂದೆ ಹಿಮಾಲಯವೂ ಒಲೆಯ ಕಟ್ಟೆ. ಅದಕ್ಕೆ ಬಿಸಿ ತಾಕಬಾರದು, ನೆಲ ನಡುಗಬಾರದು, ನಡುವೆ ಯಾರೂ ಇಣುಕಬಾರದು. ಇಣುಕಿದ ಕ್ಷಣವೇ ಅದು ಹಿಡಿದುಕೊಂಡದ್ದನ್ನೆಲ್ಲ ಕೈಬಿಡುತ್ತದೆ. ಹಾಲಿಗೆ ಹೆಪ್ಪು ಹಾಕಿ ಗಳಿಗೆಗೊಮ್ಮೆ ಬೆರಳಾಡಿಸಿದರೆ ಮೊಸರಾಗುತ್ತದೆಯೇ ಎಂದು ಅವರು ಬೀದಿಯವರನ್ನು ಕೇಳಿದರಂತೆ. ಹೆಂಗಸರಿಗೆ ಕೂಡಲೇ ಅರ್ಥವಾಯಿತು. ಗಂಡಸರಿಗೆ ಹೆಂಗಸರು ಅರ್ಥಮಾಡಿಸಿದರು.

ಯಂತ್ರದೊಳಗಿನ ತಾಮ್ರದ ತಟ್ಟೆಗಳನ್ನು ಬಡಿದುಕೊಟ್ಟವರು ಗುರುಸಿದ್ದಾಚಾರಿಯೇ. ಬೀದಿಯವರನ್ನೆಲ್ಲ ಸೇರಿಸಿ ಮಾತಾಡಿ ಬಂದು ಯಶಸ್ವತಿಯವರ ಮುಂದೆ ನಿಂತರು.

"ಏಳು ತಲೆಮಾರಿಂದ ಈ ಬೀದೀಲಿ ಸುತ್ತಿಗೆ ನಿಂತಿಲ್ಲ ಕಣವ್ವ. ಈಗ ನಿಲ್ಲುಸ್ತೀವಿ. ಗಂಜಿ ಕುಡ್ಕೊಂಡು ಇರ್ತೀವಿ. ನಮ್ಮ ಸಣ್ಣಮ್ಮ ಎದ್ದು ಕೂತ್ರೆ ಸಾಕು."

ಅಂದೇ ಲೆಕ್ಕ ಶುರುವಾಯಿತು, ಬೀದಿ ಮೌನವಾಯಿತು. ಕೆಲಸವಿಲ್ಲ, ಕೂಲಿಯಿಲ್ಲ. ಗಾಡಿಗಳು ಸುತ್ತುಹಾದಿ ಹಿಡಿದವು. ಮಕ್ಕಳು ಬುಗುರಿ ಆಡುವುದನ್ನೂ ಬಿಟ್ಟವು. ಜನ ತಾವಾಗಿಯೇ ಸುಮ್ಮನಿರುವುದನ್ನು ಕಂಡ ಬಹುಪರಾಕಯ್ಯನವರು, ಹೀಗೆ ಅಪ್ಪಣೆಯಿಲ್ಲದೆ ಸುಮ್ಮನಿರುವುದು ಅಶಿಸ್ತು ಎಂದು, ಮರುದಿನವೇ ಸುಮ್ಮನಿರಬೇಕೆಂಬ ಆಜ್ಞೆ ಹೊರಡಿಸಿದರು. ಅದನ್ನು ತಮಟೆ ಬಾರಿಸಿ ಸಾರಿಸಬೇಕೆಂದಿದ್ದರು. ಯಶಸ್ವತಿ ಕೈಮುಗಿದು ತಪ್ಪಿಸಿದರು.

ಸಣ್ಣಮ್ಮನಿಗೆ ಜ್ವರ ಮತ್ತೆ ಮತ್ತೆ ಏರಿತು. ಆಚಾರಿ ಗೋಡೆಯ ಮೇಲೆ ಇದ್ದಿಲಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತ ಬಂದರು. ನಲವತ್ತಾರು ಗೆರೆ ಆಯಿತು.

ಆ ದಿನ ಬೆಳಗ್ಗೆ ಗುಪ್ತಚರನೊಬ್ಬ ಅರಮನೆಗೆ ಸುದ್ದಿ ತಂದ. ನೆರೆರಾಜ್ಯದವರು ನಾಳೆ ತಮ್ಮ ಕ್ವಾಂಟಂ ಯಂತ್ರವನ್ನು ಉದ್ಘಾಟಿಸಲಿದ್ದಾರೆ. ಆ ರಾಜ್ಯದಲ್ಲಿ ಯಂತ್ರ ಇರಲಿಲ್ಲ, ಟೇಪು ಮಾತ್ರ ಇತ್ತು ಎಂಬುದು ಆಮೇಲೆ ತಿಳಿಯಿತು. ಆದರೆ ರಾಜಕೀಯದಲ್ಲಿ ಟೇಪೇ ಮುಖ್ಯವಾದ ಭಾಗ. ಆಸ್ಥಾನ ಜೋಯಿಸರು ಅಂದು ಮಧ್ಯಾಹ್ನವೇ ಅಮೃತಗಳಿಗೆ ಇದೆಯೆಂದರು. ಒಂದು ಗಂಟೆಯೊಳಗೆ ನಾಲ್ಕು ಆನೆ, ಹನ್ನೆರಡು ನಗಾರಿ, ಒಂದು ಡ್ರೋನ್ ಕ್ಯಾಮೆರಾ ಸಮೇತ ಪ್ರಭುಗಳ ಮೆರವಣಿಗೆ ಕಂಚುಗಾರ ಬೀದಿಗೆ ನುಗ್ಗಿತು.

ಯಶಸ್ವತಿ ಬಾಗಿಲಿಗೆ ಅಡ್ಡ ನಿಂತರು. ಆನೆಗಳನ್ನಾದರೂ ಬೀದಿಯ ಆಚೆ ನಿಲ್ಲಿಸಿ ಎಂದು ಬೇಡಿದರು. ಇನ್ನೆರಡೇ ದಿನ, ನೋಡಿದರೆ ಕೆಟ್ಟುಹೋಗುತ್ತದೆ, ಮತ್ತೆ ತಂಪಾಗಿಸಿ ಮೊದಲಿನಿಂದ ಲೆಕ್ಕ ಹಾಕುವುದಕ್ಕೆ ಮೂರು ತಿಂಗಳು ಬೇಕು, ರೋಗಿಗಳಿಗೆ ಅಷ್ಟು ದಿನವಿಲ್ಲ ಎಂದರು.

ಪ್ರಭುಗಳು ನೊಂದುಕೊಂಡು ಮಂತ್ರಿಗಳತ್ತ ತಿರುಗಿದರು. "ನಾವು ನೋಡಿದ್ದರಿಂದ ಈವರೆಗೆ ಏನಾದರೂ ಕೆಟ್ಟಿದೆಯೇನಯ್ಯಾ?"

"ಎಂಥ ಮಾತು ಪ್ರಭು. ನೋಡಿದರೆ ಕೆಡುತ್ತದೆ ಅನ್ನುವುದು ಸಾಮಾನ್ಯರ ಕಣ್ಣಿನ ವಿಷಯ. ತಮ್ಮದು ಕೃಪಾದೃಷ್ಟಿ."

ಬಾಗಿಲು ತೆರೆಯಿತು. ಟೇಪು ಕಟ್ಟಲು ಬೇರೆ ಜಾಗ ಸಿಗದೆ ಯಂತ್ರದ ಕೊರಳಿಗೇ ಕಟ್ಟಿದರು. ಮುಚ್ಚಳ ಬಿಚ್ಚಿಸಿದರು. ಪುರೋಹಿತರು ಒಳಗೆ ಕರ್ಪೂರದಾರತಿ ಬೆಳಗಿ, ಅಂಚಿಗೆ ಹೊಡೆದು ಕಾಯಿ ಒಡೆದರು. ಕಾಯಿಯ ನೀರು ಒಂಬತ್ತು ವರ್ಷದ ಕೆಲಸದ ಮೇಲೆ ಹರಿಯಿತು. ಪ್ರಭುಗಳು ಮೂರು ಕೋನಗಳಿಂದ ಫೋಟೊ ತೆಗೆಸಿಕೊಂಡರು. ಒಂದರಲ್ಲಿ ಯಂತ್ರವೂ ಬಿದ್ದಿತ್ತು.

ಅಷ್ಟರಲ್ಲಿ ಪರದೆಯ ಮೇಲೆ ಸಾಲಾಗಿ ಸೊನ್ನೆಗಳು ಮೂಡಿದವು. ಮೊದಲಿಂದ ಕೊನೆಯವರೆಗೂ ಸೊನ್ನೆ. ಇದೇನು ಹೇಳುತ್ತಿದೆ ಎಂದು ಪ್ರಭುಗಳು ಕೇಳಿದರು.

"ಏನೂ ಹೇಳ್ತಿಲ್ಲ. ಸತ್ತುಹೋಗಿದೆ," ಎಂದರು ಯಶಸ್ವತಿ. ಅವರು ಅಳುತ್ತಿದ್ದರು, ಅದನ್ನು ಮರೆಮಾಡುವ ಗೋಜಿಗೂ ಹೋಗಲಿಲ್ಲ.

ಬಹುಪರಾಕಯ್ಯನವರು ಸಣ್ಣಗೆ ಕೆಮ್ಮಿದರು. "ಪಾಪ, ನಿದ್ದೆಗೆಟ್ಟಿದ್ದಾರೆ. ಪ್ರಭು, ಯಂತ್ರವನ್ನು ಕೇಳಿದ್ದು ಜ್ವರದ ಪ್ರಶ್ನೆ. ಬಂದ ಉತ್ತರ ಸೊನ್ನೆ. ಅಂದರೆ ರಾಜ್ಯದಲ್ಲಿ ಜ್ವರ ಸೊನ್ನೆ. ತಮ್ಮ ದೃಷ್ಟಿ ಬಿದ್ದ ಗಳಿಗೆಯಲ್ಲೇ."

ಆಮೇಲೆ ಆಸ್ಥಾನಿಕರಿಗೆ ಹುರುಪು ಬಂತು. ರಾಜ್ಯದಲ್ಲಿ ಲಂಚ ಎಷ್ಟಿದೆ ಎಂದು ಯಂತ್ರವನ್ನು ಕೇಳಿದರು. ಸೊನ್ನೆ. ನಿರುದ್ಯೋಗ? ಸೊನ್ನೆ. ಪ್ರಭುಗಳ ಮೇಲೆ ಬಂದ ದೂರುಗಳು, ಪ್ರಭುಗಳಿಗೆ ಸರಿಸಮಾನರಾದ ಅರಸರು, ಎಲ್ಲವೂ ಸೊನ್ನೆ. ಪ್ರಭುಗಳ ಕಣ್ಣಲ್ಲಿ ನೀರು ಬಂತು. ಆಸ್ಥಾನದ ಬುದ್ಧಿ ಎಷ್ಟಿದೆಯೆಂದು ಕೇಳಲು ಒಬ್ಬ ಕಾವಲುಗಾರ ಬಾಯಿ ತೆರೆದನಂತೆ. ಪಕ್ಕದವನು ಅವನ ಕಾಲು ತುಳಿದು ಕೆಲಸ ಉಳಿಸಿದ.

ಮರುದಿನ ರಾಜಪತ್ರ ಹೊರಬಿತ್ತು. ಜ್ವರವಿಲ್ಲದ ಕಾರಣ ಜ್ವರದಾಸ್ಪತ್ರೆ ಮುಚ್ಚಲಾಗಿದೆ, ಅದೇ ಕಟ್ಟಡದಲ್ಲಿ ಕ್ವಾಂಟಂ ವಿಜಯ ಭವನ ತೆರೆಯಲಿದೆ, ಅದರ ನಿರ್ವಹಣೆಗೆ ಪ್ರತಿ ಮನೆಯಿಂದ ಕ್ವಾಂಟಂ ಸೆಸ್. ಪ್ರಭುಗಳಿಗೆ 'ಶೂನ್ಯಸಾಧಕ ಚಕ್ರವರ್ತಿ' ಎಂಬ ಬಿರುದು. ಮತ್ತೆ ಲೆಕ್ಕ ಹಾಕಲು ಅನುಮತಿ ಕೊಡಿ ಎಂದು ಯಶಸ್ವತಿ ಬರೆದ ಅರ್ಜಿಗೆ, ಸರಿಯಾಗಿ ಬಂದ ಲೆಕ್ಕವನ್ನು ಮತ್ತೆ ಹಾಕುವುದು ರಾಜದ್ರೋಹ ಎಂಬ ಉತ್ತರ ಬಂತು. ಪ್ರಯೋಗಶಾಲೆಗೆ ಬೀಗ ಬಿತ್ತು.

ನನಗೆ ಇಲ್ಲಿಂದ ಮುಂದಕ್ಕೆ ನಗು ಬರುವುದಿಲ್ಲ. ಆದರೂ ಹೇಳಬೇಕು.

ಯಶಸ್ವತಿ ಆಚಾರಿಯ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದರು. ಆಚಾರಿ ಅವರನ್ನು ಬಯ್ಯಲಿಲ್ಲ, ಕುಡಿಯಲು ನೀರು ಕೊಟ್ಟರು. ಇಬ್ಬರೂ ಸೇರಿ ಸಣ್ಣಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತರು. ಉದ್ಘಾಟನೆಯಾದ ಹದಿನೇಳನೆಯ ದಿನ, ಜ್ವರ ಎಂಟನೆಯ ಸಲ ಏರಿದಾಗ, ಸಣ್ಣಮ್ಮ ತೀರಿಕೊಂಡರು.

ಸಾವು ಬರೆಸಲು ಆಚಾರಿ ಕಚೇರಿಗೆ ಹೋದರು. ಗುಮಾಸ್ತ ಹೆಸರು ಬರೆದುಕೊಂಡ, ವಯಸ್ಸು ಬರೆದುಕೊಂಡ. ಏನಾಗಿ ಸತ್ತರು ಎಂದು ಕೇಳಿದ. ಜ್ವರ ಎಂದರು ಆಚಾರಿ. ಗುಮಾಸ್ತ ಬೇಸರವಿಲ್ಲದೆ ರಾಜಪತ್ರ ತೋರಿಸಿ, ಆ ಕಾಯಿಲೆ ಈಗ ಇಲ್ಲ, ಬೇರೇನಾದರೂ ಹೇಳಿ ಎಂದ.

ಆಚಾರಿ ರಾಜಪತ್ರವನ್ನು ಗುಮಾಸ್ತನತ್ತ ಹಿಂದಕ್ಕೆ ಸರಿಸಿದರು.

"ಉದ್ಘಾಟನೆ ಅಂತ ಬರ್ಕೊಳ್ಳಿ ಸ್ವಾಮಿ."

ಅಂಥ ಕಾಯಿಲೆ ಪಟ್ಟಿಯಲ್ಲಿಲ್ಲ ಎಂದ ಗುಮಾಸ್ತ ಆ ಜಾಗವನ್ನು ಖಾಲಿ ಬಿಟ್ಟ. ನಂತರ ನಿಯಮ ಪುಸ್ತಕ ತಿರುವಿ, ಕಾರಣವಿಲ್ಲದೆ ಸತ್ತದ್ದಕ್ಕೆ ಎರಡು ವರಹ ದಂಡವಿದೆಯೆಂದು ಹೇಳಿದ. ಆಚಾರಿ ದಂಡ ಕಟ್ಟಿ ರಸೀದಿ ತೆಗೆದುಕೊಂಡರು. ಅವರ ಹಿಂದೆ ಬೀದಿಯ ಇನ್ನೂ ಹನ್ನೊಂದು ಮಂದಿ ಸಾಲಿನಲ್ಲಿ ನಿಂತಿದ್ದರು.