ಬಂಧುವಲ್ಲದವರು ಬೇಕಾಗಿದ್ದಾರೆ

ಬೆಳಿಗ್ಗೆ ಹತ್ತಕ್ಕೆ ಪುಣೆಯ ವಕೀಲರು ಫೋನು ಮಾಡಿ ಕೋಮಲಳ ತಲೆಯ ಮೇಲೆ ಕೆಂಡ ಸುರಿದರು. ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳಕ್ಕೆ ಬಲೆ ಕಂಡುಹಿಡಿದ ಸಂಶೋಧಕಿ ಅವಳು. ಅಮೆರಿಕದ ಪ್ರಯೋಗಾಲಯವೊಂದು ಕೆಲಸಕ್ಕೆ ಕರೆದಿತ್ತು. ವೀಸಾ ಅರ್ಜಿಗೆ ಒಂದೇ ಪತ್ರ ಬಾಕಿ, ಅವಳ ಬಲೆ ಬಳಸಿದ ರೈತರೊಬ್ಬರದು.

"ಬರೆಯುವವರು ನಿಮ್ಮ ಬಂಧುಗಳಾಗಿರಬಾರದು. ಸಂಜೆ ಐದರೊಳಗೆ ಅವರ ಫೋನಿನಿಂದಲೇ ನನಗೆ ಬರಬೇಕು. ತಪ್ಪಿದರೆ ಆ ಕೆಲಸ ಬೇರೆಯವರಿಗೆ."

ರಾಯಬಾಗ ತಾಲ್ಲೂಕಿನಲ್ಲಿ ಬಂಧುವಲ್ಲದವರನ್ನು ಹುಡುಕುವುದೆಂದರೆ ಹಿಟ್ಟಿನ ಗಿರಣಿಯಲ್ಲಿ ನಿಂತು ಮೈಗೆ ಹಿಟ್ಟು ತಾಗಬಾರದು ಅಂದ ಹಾಗೆ.

ಅವಳ ಬಲೆ ಬಳಸಿದ ಅಲಖನೂರಿನ ರೈತ ಧರೆಪ್ಪ ಪೆನ್ನು ಹಿಡಿದವನು, "ಯಾರ ಮಗಳಬೇ ನೀ?" ಎಂದ. ಹೇಳಿದಳು. ಪೆನ್ನು ಕೆಳಗಿಟ್ಟ.

"ಅಯ್ಯ! ನಿಮ್ಮವ್ವನ ಸೋದರಮಾವನ ಮಗಳನ್ನ ನಮ್ಮ ಅಣ್ಣಗ ಕೊಟ್ಟೈತಿ. ನಾ ನಿನಗ ಮಾವ ಆಗ್ಬೇಕು!"

"ಮಾವ ಆಗಬ್ಯಾಡ್ರಿ, ಕೈ ಮುಗೀತೀನಿ. ಬರೇ ರೈತ ಆಗ್ರಿ!"

ಗೋಡೆಯಾಚೆಯಿಂದ ನೆರೆಮನೆಯ ಸುಂದ್ರವ್ವನ ತಲೆ ಎದ್ದಿತು. "ತಡೀಬೇ, ನೀ ನನಗೂ ಮೊಮ್ಮಗಳಾಗಬೇಕು ನೋಡು."

ಕೋಮಲ ಅಲ್ಲಿಂದ ಕಾಲ್ಕಿತ್ತಳು. ರಾಯಬಾಗದ ಮಲಕಾರಿ ಅವಳ ಹೆಸರನ್ನೂ ಕೇಳಲಿಲ್ಲ, ಮೂಗು ನೋಡಿಯೇ ಗುರುತಿಸಿದ. "ನಮ್ಮದೂ ನಿಮ್ಮದೂ ಒಂದ ಬೆಡಗು. ನಾ ನಿನ್ನ ಕಾಕಾ. ಉಣ್ಣದ ಹ್ಯಾಂಗ ಹೋಗ್ತಿ?" ಒಂದೇ ಬೆಡಗು, ಒಂದೇ ಕುಲ ಅಂದಮೇಲೆ ಮುಗಿಯಿತು, ಅಣ್ಣತಮ್ಮಂದಿರ ರಕ್ತ. ಪತ್ರ ಸಿಗಲಿಲ್ಲ, ಎರಡು ಹೋಳಿಗೆ ಸಿಕ್ಕವು, ಒಂದು ತಾಸು ಹಾಳಾಯಿತು.

ಉಗಾರ ಬುದ್ರುಕದ ದಾರಿಯಲ್ಲಿ ಅಡ್ಡ ಬಂದ ಕಬ್ಬಿನ ಟ್ರ್ಯಾಕ್ಟರಿಗೂ ಬೈದಳು. ಈ ಸಲ ಮೊದಲೇ ಕೇಳಿಬಿಡಬೇಕು!

ಕಸ್ತೂರೆವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಮಗ ಭೀಮಗೊಂಡ ಪಂಪಿನ ಮೋಟರು ಬಿಚ್ಚಿಕೊಂಡು ಕೂತಿದ್ದ.

"ಯಕ್ಕಾ, ನಿಮ್ಮ ಬೆಡಗ್ಯಾವುದ್ರಿ?" ಗಾಡಿ ನಿಲ್ಲುವ ಮೊದಲೇ ಕೇಳಿದಳು.

ಮುದುಕಿ ಹೇಳಿದಳು. ಬೇರೆಯದೇ!

"ನಮ್ಮ ಮನಿಗೂ ನಿಮ್ಮ ಮನಿಗೂ ಹಿಂದ ಹೆಣ್ಣು ಕೊಟ್ಟಿದ್ದು ತಂದಿದ್ದು ಏನರ?"

"ಏನೂ ಇಲ್ಲಬೇ."

"ದೇವ್ರು ದೊಡ್ಡಾಂವ! ಇಂಥಾ ಮನೀನ ಮುಂಜಾನಿಂದ ಹುಡಕಾಕತ್ತೇನ್ರಿ!"

ಕಸ್ತೂರೆವ್ವ ಮಗನ ಮುಖ ನೋಡಿದಳು. ಭೀಮಗೊಂಡ ಗ್ರೀಸಿನ ಕೈಯಲ್ಲೇ ತಲೆ ಬಾಚಿಕೊಂಡ.

"ನಿಮ್ಮ ಬಲಿ ಹಾಕಿದ ಮ್ಯಾಲ ಹುಳಾ ಒಂದೂ ಉಳಿದಿಲ್ಲರಿ," ಎಂದ, ನಾಚಿಕೊಂಡು.

ಕೋಮಲ ಚಾಚಿದ ವಕೀಲರ ನಮೂನೆಗೆ ಹೊಲದ ಒಡತಿ ಮುದುಕಿ ಸಹಿ ಹಾಕಿದಳು. ಮಗ ಉಳಿದ ಜಾಗವನ್ನೆಲ್ಲ ಮುತ್ತಿನಂಥ ಇಂಗ್ಲಿಷಿನಲ್ಲಿ ತುಂಬಿ, ಫೋಟೋ ತೆಗೆದು ವಕೀಲರಿಗೆ ಕಳಿಸಿದ. ಐದಕ್ಕೆ ಎರಡು ನಿಮಿಷ ಬಾಕಿ. ಕೋಮಲ ಕಟ್ಟೆಯ ಮೇಲೆ ಕುಸಿದು ಅಂದಿನ ಮೊದಲ ಉಸಿರು ಬಿಟ್ಟಳು.

ಐದೂ ಹತ್ತಕ್ಕೆ ವಕೀಲರ ಫೋನು.

"ಪತ್ರ ಚೆನ್ನಾಗಿದೆ. ಆದರೆ 'ಅರ್ಜಿದಾರರು ನಿಮಗೆ ಏನಾಗಬೇಕು' ಅನ್ನುವಲ್ಲಿ 'ಸೊಸೆ' ಅಂತ ಬರೆದಿದ್ದಾರಲ್ಲ? ಬಂಧುಗಳು ಬೇಡ ಅಂತ ಬಡಕೊಂಡಿರಲಿಲ್ಲವೇ? ಗಡುವು ಮುಗಿಯಿತು."

"ಯಾರ ಸೊಸಿ?" ಕೋಮಲ ಹೌಹಾರಿ ತಿರುಗಿದಳು.

ಕಸ್ತೂರೆವ್ವ ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದಳು. ಹಿಂದೆ ಅರ್ಧ ಓಣಿ ನೆರೆದಿತ್ತು.

"ಬೆಡಗು ಕೇಳೋದು ಲಗ್ನಕ್ಕಲ್ಲದ ಮತ್ತ್ಯಾತಕ್ಕಬೇ? ಒಂಬತ್ತು ವರ್ಷದಿಂದ ರೈತಗ ಹೆಣ್ಣಿಲ್ಲಂತ ಎಲ್ಲಾರೂ ಬಾಗಿಲಾ ಹಾಕ್ಕೊಂಡ್ರು. ನೀ ತಾನಾಗೇ ಬಂದಿ, ನನ್ನ ಬಂಗಾರ!"

ಕೋಮಲ ಬೈಯಲು ಬಾಯಿ ತೆರೆದಳು. ಕಸ್ತೂರೆವ್ವ ಒಂದು ಮುಷ್ಟಿ ಸಕ್ಕರೆ ತುಂಬಿಬಿಟ್ಟಳು.