ಅಸಲಿ ಗುದ್ದಿನ ಹೋರಾಟ

ಹಾಸಿಗೆ ಅಂಗಡಿಯ ಮ್ಯಾನೇಜರಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಕೊರಗು. ಟಿ.ವಿ.ಯಲ್ಲಿ ಅವರು ಆಡುವ ಬಾಕ್ಸಿಂಗ್ ಗೇಮಿನಲ್ಲಿ ಯಾರೂ ಬೆವರುತ್ತಿರಲಿಲ್ಲ.

ಬೆವರು ಹಾಳಾಗಲಿ, ಏದುಸಿರು ಕೂಡ ಇಲ್ಲ. ದವಡೆ ಕಳಚುವಂಥ ಏಟು ತಿಂದವನು ಮರುಕ್ಷಣವೇ ಎದ್ದು ಕುಪ್ಪಳಿಸುತ್ತಿದ್ದ. ಹುಬ್ಬು ಒಡೆದರೂ ಕ್ರಾಪು ಕದಲುತ್ತಿರಲಿಲ್ಲ.

"ಇವರು ಗುದ್ದಾಡೋಕೆ ಬಂದವರೋ, ಪಾಸ್‌ಪೋರ್ಟ್ ಫೋಟೋ ತೆಗೆಸ್ಕೊಳ್ಳೋಕೆ ಬಂದವರೋ?" ಎಂದು ಮ್ಯಾನೇಜರು ದಿನಾ ಸಂಜೆ ಸೋಫಾದಿಂದಲೇ ಗುಡುಗುತ್ತಿದ್ದರು.

"ಆಟ ತಾನೇ, ಬಿಡಿ ಅತ್ಲಾಗೆ," ಎನ್ನುತ್ತಿದ್ದಳು ಹೆಂಡತಿ. ಆಕೆ ಸಿಟಿ ಬಸ್ಸಿನ ಡ್ರೈವರ್.

"ಬಿಡಿ ಅಂದ್ರೆ? ಬಸ್ ಓಡಿಸೋ ಗೇಮ್‌ನಲ್ಲಿ ಒಂದು ಸಿಗ್ನಲ್ಲೂ ಇಲ್ದೇ ಹೋದ್ರೆ ನಿಂಗೆ ಹೇಗಾಗುತ್ತೆ?"

"ಸ್ವರ್ಗಕ್ಕೆ ಹೋದ ಹಾಗಾಗುತ್ತೆ."

ಇಂಥ ಅರಸಿಕರ ಮನೆಯಲ್ಲಿ ಬೆಂಬಲ ಸಿಗುವುದಿಲ್ಲವೆಂದು ಅವರು ಇಂಟರ್ನೆಟ್ಟಿನಲ್ಲಿ 'ಅಸಲಿ ಗುದ್ದು ಬಳಗ' ಎಂಬ ಅಭಿಮಾನಿಗಳ ಸಂಘ ಕಟ್ಟಿದರು. ಅಲ್ಲಿ ಅವರ ಹೆಸರು 'ಉಕ್ಕಿನ ಮುಷ್ಟಿ'. (ದಿನವಿಡೀ ಗಿರಾಕಿಗಳ ಮುಂದೆ ಮೆತ್ತನೆಯ ಹಾಸಿಗೆಗಳನ್ನು ಒತ್ತಿ ಒತ್ತಿ, ವ್ಯಾಪಾರ ಕುದುರದಿದ್ದರೆ ತಾವೇ ಮಲಗಿ ತೋರಿಸುವವರ ಮುಷ್ಟಿ ಅದೆಂದು ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ.) ಊರೂರಿನ ಸದಸ್ಯರೆಲ್ಲ ಸೇರಿ ಗೇಮ್ ಕಂಪನಿಗೆ ಮನವಿ ಕಳಿಸಿದರು: ಬಾಕ್ಸರ್ ದಣಿಯಬೇಕು, ಬೆವರಬೇಕು, ಬಿದ್ದರೆ ನಿಜವಾದ ಮನುಷ್ಯನಂತೆ ಬೀಳಬೇಕು. ವಾಸ್ತವಿಕತೆ ನಮ್ಮ ಜನ್ಮಸಿದ್ಧ ಹಕ್ಕು.

ಕಂಪನಿ ಒಪ್ಪಿಕೊಂಡುಬಿಟ್ಟಿತು. ಹೊಸ ಗೇಮಿನ ಜೊತೆಗೆ ಒಂದು ಪುಟ್ಟ ಕ್ಯಾಮೆರಾ ಬಂತು. ಅದನ್ನು ಟಿ.ವಿ. ಮೇಲೆ ಕೂರಿಸಿದರೆ ಸಾಕು, ಒಂದು ವಾರ ಮನೆಯವರ ನಡೆ, ನಿಲುವು, ಉಸಿರಾಟ ಎಲ್ಲ ನೋಡಿಕೊಂಡು ಥೇಟ್ ಅವರಂತೆಯೇ ಇರುವ ಬಾಕ್ಸರುಗಳನ್ನು ತಯಾರಿಸುತ್ತದಂತೆ. ಮೊದಲ ಪಂದ್ಯ ಉಕ್ಕಿನ ಮುಷ್ಟಿಯವರದ್ದೇ. ಇಡೀ ಬಳಗಕ್ಕೆ ನೇರಪ್ರಸಾರ.

ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಆ ಕ್ಯಾಮೆರಾ ಸರಿಬೀಳಲಿಲ್ಲ. ನರ್ಸ್ ಆಗಿ ದುಡಿದು ನಿವೃತ್ತರಾದ ಅವರಿಗೆ ಇನ್ನೊಬ್ಬರನ್ನು ಗಮನಿಸಿ ಅಭ್ಯಾಸವೇ ಹೊರತು ತಾವೇ ಇನ್ನೊಬ್ಬರ ಕಣ್ಗಾವಲಿನಲ್ಲಿದ್ದು ಅಭ್ಯಾಸವಿರಲಿಲ್ಲ.

"ಇದು ನನ್ನನ್ನೂ ನೋಡ್ತಾ ಇದೆಯಾ?"

"ಇಲ್ಲ ಅತ್ತೆ. ಬಾಕ್ಸರ್ ಆಗೋವಂಥವರನ್ನ ಮಾತ್ರ ನೋಡುತ್ತೆ."

"ಮತ್ತೆ ನಿಮ್ಮನ್ನ್ಯಾಕೆ ನೋಡ್ತಿದೆ, ಅಳಿಯಂದ್ರೇ?"

ಪಂದ್ಯದ ದಿನ ಬಂತು. ಕ್ಯಾಮೆರಾಕ್ಕೆ ಪರಿಚಯವಿರುವವರೇ ಎದುರಾಳಿಯಾಗಬೇಕಿತ್ತು. ಅತ್ತೆ ಮಂಡಿನೋವಿನ ನೆಪ ಹೇಳಿ ಜಾರಿಕೊಂಡರು. ಉಳಿದವಳು ಹೆಂಡತಿ. ಆಕೆ ಯೂನಿಫಾರ್ಮಿನಲ್ಲೇ ಬಂದು ಕೂತು ಕಂಟ್ರೋಲರನ್ನು ಸ್ಟೀರಿಂಗಿನಂತೆ ಹಿಡಿದಳು.

"ಹಾರ್ನ್ ಯಾವುದ್ರೀ?"

"ಹಾರ್ನ್ ಇಲ್ಲ ಕಣೇ, ಇದು ಬಾಕ್ಸಿಂಗು."

ಪರದೆಯ ಮೇಲೆ ರಿಂಗ್ ಬೆಳಗಿತು. ಮ್ಯಾನೇಜರ ಬಾಕ್ಸರ್ ಕಾಣಿಸಿಕೊಂಡ. ಅದೇ ಮುಖ, ಚಡ್ಡಿಯ ಮೇಲಿಂದ ಇಣುಕುವ ಅದೇ ಹೊಟ್ಟೆ, ಕ್ರೀಡಾಂಗಣದ ದೀಪಗಳೆಲ್ಲ ಹೊಳೆಯುವ ಅದೇ ನೆತ್ತಿ. ಆತ ರಿಂಗಿನ ಮೆಟ್ಟಿಲನ್ನು ಅರ್ಧ ಹತ್ತಿ, ಹಗ್ಗ ಹಿಡಿದು ನಿಂತು ಸುಧಾರಿಸಿಕೊಂಡ. ಬಳಗ ಬೇಡಿದ್ದ ಬೆವರು ಬಂತು. ಗಂಟೆ ಹೊಡೆಯುವ ಮೊದಲೇ ಬಂತು.

ಪರದೆಯ ಪಕ್ಕದಲ್ಲಿ ಸದಸ್ಯರ ಮಾತುಗಳು ಮೂಡತೊಡಗಿದವು. 'ಬೆವರು ಅದ್ಭುತ.' 'ಏದುಸಿರು ಅಂದ್ರೆ ಇದು.' 'ಈ ಅಂಕಲ್ ಯಾರು? ಉಕ್ಕಿನ ಮುಷ್ಟಿಯವರು ಯಾವಾಗ ಬರ್ತಾರೆ?'

ಮ್ಯಾನೇಜರು ಹಲ್ಲು ಕಚ್ಚಿ, ಗೇಮಿನ ಅತಿ ಬಲವಾದ ಗುದ್ದಾದ ವಜ್ರಮುಷ್ಟಿಯ ಬಟನ್ ಒತ್ತಿದರು. ಬಾಕ್ಸರ್ ಚಡ್ಡಿ ಮೇಲೆಳೆದುಕೊಂಡ. ಮತ್ತೆ ಒತ್ತಿದರು. ಆತ ಕತ್ತು ಕೆರೆದುಕೊಂಡು, ಯೋಚಿಸಿ, ಕೊನೆಗೆ ಎಲ್ಲ ಬಲ ಹಾಕಿ ಬೀಸಿದ. ಗುದ್ದು ಗಾಳಿಗೆ ಬಿತ್ತು; ಅದರ ರಭಸಕ್ಕೆ ತಾನೇ ಗಿರಕಿ ಹೊಡೆದು ಪ್ರೇಕ್ಷಕರತ್ತ ಮುಖಮಾಡಿ ನಿಂತ. ಅಷ್ಟರಲ್ಲಿ ಹೆಂಡತಿಯ ಬಾಕ್ಸರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ದಾರಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಬಸ್ ತಿರುಗಿಸಿದಂತೆ ನಿಧಾನಕ್ಕೆ ಸುತ್ತು ಬಂದಳು. ಆ ತಿರುವಿನಲ್ಲಿ ಆಕೆಯ ಮೊಣಕೈ ಆತನ ಪಕ್ಕೆಗೆ ತಗುಲಿತು.

ಮ್ಯಾನೇಜರ ಬಾಕ್ಸರ್ ಬಿದ್ದ. ಒಂದೇ ಸಲ ಬೀಳಲಿಲ್ಲ. ಮೊದಲು ಮಂಡಿಯೂರಿದ, ನೆಲ ಎಷ್ಟು ಮೆತ್ತಗಿದೆಯೆಂದು ಅಂಗೈಯಿಂದ ಒತ್ತಿ ನೋಡಿದ, ಆಮೇಲೆ ಮಲಗಿದ.

"ಏಳೋ," ಎಂದು ಮ್ಯಾನೇಜರು ತಮ್ಮನ್ನೇ ಏಕವಚನದಲ್ಲಿ ಗದರಿಕೊಂಡು ಎಲ್ಲ ಬಟನ್‌ಗಳನ್ನೂ ಕುಟ್ಟಿದರು. ಬಾಕ್ಸರ್ ಒಂದು ಕಣ್ಣು ತೆರೆದು, ಎಣಿಸುತ್ತಿದ್ದ ರೆಫರಿಯನ್ನು ನೋಡಿ, ಕೆನ್ನೆಯಡಿ ಕೈಯಿಟ್ಟು ಮಗ್ಗುಲು ಬದಲಿಸಿದ.

"ನಾನೇನೂ ಮಾಡ್ಲಿಲ್ಲ ಕಣ್ರೀ," ಎಂದಳು ಹೆಂಡತಿ. "ರಿವರ್ಸ್ ಹುಡುಕ್ತಾ ಇದ್ದೆ."

ಬಳಗ ಹುಚ್ಚೆದ್ದು ಹೋಯಿತು. ಇಷ್ಟು ಸಹಜವಾಗಿ ಬಿದ್ದವನನ್ನು ಜನ್ಮದಲ್ಲಿ ನೋಡಿಲ್ಲವೆಂದು ಒಕ್ಕೊರಲಿನ ತೀರ್ಪು ಬಂತು. ಬಿದ್ದವರೇ ಉಕ್ಕಿನ ಮುಷ್ಟಿಯೆಂದು ತಿಳಿದದ್ದೇ ತಡ, ಅವರನ್ನು ಅಧ್ಯಕ್ಷಗಿರಿಯಿಂದ ಇಳಿಸಿ ಡ್ರೈವರಮ್ಮನನ್ನು ಕೂರಿಸಿದರು. ಆಕೆ ಅಷ್ಟು ಹೊತ್ತಿಗೆ ಯೂನಿಫಾರ್ಮ್ ನೆನೆಹಾಕಲು ಎದ್ದು ಹೋಗಿಯಾಗಿತ್ತು.

ಸೇಡು ತೀರಿಸಿಕೊಳ್ಳಲು ಮ್ಯಾನೇಜರು ಇನ್ನೊಂದು ಪಂದ್ಯಕ್ಕೆ ಒತ್ತಿದರೆ, ಪರದೆಯ ಮೇಲೆ ರಿಂಗ್ ಹೋಗಿ ಆಸ್ಪತ್ರೆಯ ಕೋಣೆ ಬಂತು. ಮಂಚದ ಮೇಲೆ ಅವರೇ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದರು. ಕೆಳಗೆ ಬರೆದಿತ್ತು: 'ಪಕ್ಕೆಲುಬು ಕೂಡಲು ಒಂದೂವರೆ ತಿಂಗಳು ಬೇಕು. ಹೊತ್ತು ಹೊತ್ತಿಗೆ ಊಟ, ಔಷಧ ಕೊಡಿ.' ಸ್ವಿಚ್ ಆರಿಸಿ ಹಾಕಿದರು. ಮಂಚ ಅಲ್ಲೇ ಇತ್ತು. ಕಂಪನಿಗೆ ಫೋನು ಮಾಡಿದರೆ, "ಸ್ವಿಚ್ ಆರಿಸಿದ್ರೆ ಮೂಳೆ ಕೂಡಲ್ಲ ಸಾರ್, ನೈಜತೆ ಬೇಕು ಅಂದವರು ನೀವೇ," ಎಂಬ ವಿನಯಪೂರ್ವಕ ಉತ್ತರ ಸಿಕ್ಕಿತು.

ಅಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಟಿ.ವಿ. ಹತ್ತಿರ ಬಂದರು.

"ಈ ಬ್ಯಾಂಡೇಜ್ ಕಟ್ಟಿದ ಪುಣ್ಯಾತ್ಮ ಯಾರು? ದಿಂಬು ಇಷ್ಟು ಎತ್ತರ ಇಡ್ತಾರೇನು? ಕೊಡಿ ಇಲ್ಲಿ." ಕಂಟ್ರೋಲರ್ ಅವರ ಕೈ ಸೇರಿತು. ಅಂದಿನಿಂದ ಮಂಡಿನೋವು ಮಾಯ. ಟಿ.ವಿ. ಮುಂದೆ ಕುರ್ಚಿ ಹಾಕಿಕೊಂಡು ಜ್ವರ ನೋಡಿದರು, ಮಾತ್ರೆ ನುಂಗಿಸಿದರು, ಸೊಳ್ಳೆಯೊಂದು ಪರದೆಯ ಮೇಲೆ ಕೂತರೆ ಬೀಸಣಿಗೆ ಬೀಸಿದರು.

"ನನ್ನ ಸರ್ವಿಸಲ್ಲೇ ಇಂಥ ಪೇಷಂಟ್ ಸಿಕ್ಕಿರ್ಲಿಲ್ಲ," ಎಂದು ಮಗಳಿಗೆ ಹೇಳಿದರು. "ಏನು ಕೊಟ್ರೂ ಎದುರು ಮಾತಿಲ್ಲ."

ಒಂದು ಸಂಜೆ ಮ್ಯಾನೇಜರು ಅಂಗಡಿಯಿಂದ ಬಂದು, ಕಾಫಿ ಉಂಟಾ ಎಂದು ಕೂಗಿದರು. ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ. ಅಳಿಯಂದ್ರು ಈಗ ತಾನೇ ಕಣ್ಣು ಮುಚ್ಚಿದ್ದಾರೆ."

"ಅಳಿಯ ನಾನು, ಅತ್ತೆ."

ಅತ್ತೆ ಪರದೆ ನೋಡಿದರು, ಇವರನ್ನು ನೋಡಿದರು. "ನೀವೂ ಸ್ವಲ್ಪ ಹಾಗೇ ಇದ್ದೀರಿ," ಎಂದು ಸಮಾಧಾನ ಹೇಳಿದರು.

ಮ್ಯಾನೇಜರು ಅಡುಗೆಮನೆಗೆ ಹೋದರು. "ಹೊಟ್ಟೆ ಹಸೀತಿದೆ ಕಣೇ, ಏನಾದ್ರೂ ಕೊಡ್ತೀಯಾ?"

"ಇರ್ರೀ, ಮೊದ್ಲು ಅವರದ್ದಾಗ್ಲಿ," ಎಂದು ಹೆಂಡತಿ ಕೈಯೊರೆಸಿಕೊಂಡು ಟಿ.ವಿ. ಮುಂದೆ ಬಂದಳು. ಕಂಟ್ರೋಲರ್ ಹಿಡಿದು, ಮಂಚದಲ್ಲಿದ್ದವನ ಬಾಯಿಗೆ ಸೂಪಿನ ಚಮಚ ಇಟ್ಟಳು. ಆತ ಮುಖ ಸಿಂಡರಿಸಿದ.

"ಪಾಪ, ಉಪ್ಪು ಸಾಲದೇನೋ," ಎಂದು ಆಕೆ ಲೊಚಗುಟ್ಟಿ ಉಪ್ಪು ಬೆರೆಸಿ ಕೊಟ್ಟಳು.

ಅದೇ ದೂರನ್ನು ಬೆಳಗ್ಗೆ ಮ್ಯಾನೇಜರು ಹೇಳಿದ್ದಾಗ, ಉಪ್ಪಿನ ಡಬ್ಬಿ ಯಾವ ಕಪಾಟಿನಲ್ಲಿದೆಯೆಂದು ತೋರಿಸಲಾಗಿತ್ತು, ಅಷ್ಟೇ. ಅವರು ಬಾಗಿಲಲ್ಲೇ ನಿಂತು, ಸೂಪು ಚಪ್ಪರಿಸುತ್ತಿದ್ದ ತಮ್ಮ ಮುಖವನ್ನು ನೋಡಿದರು. ಜೀವಮಾನದಲ್ಲಿ ಮೊದಲ ಸಲ ಒಬ್ಬನನ್ನು ನಿಜವಾಗಿಯೂ ಗುದ್ದಬೇಕೆನಿಸಿತು. ಆದರೆ ಆತ ಪೇಷಂಟ್. ಪಕ್ಕದಲ್ಲೇ ಅತ್ತೆ ಕಾವಲಿದ್ದರು.