ಮೇಡಮ್ಮ ಇಣುಕಿದ ಮೊಟ್ಟೆ

ನಗು ಬರೋ ಸಂಗತಿಗಳಿಗೆ ನಮ್ಮೂರಲ್ಲಿ ಯಾರ ಮನೆಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ, ನೆಟ್ಟಗೆ ನನ್ನ ಮನೆ ಬಾಗಿಲಿಗೇ ಬರುತ್ತವೆ. ನಾನು ಅಂಥ ಆಳು. ಶಾಲೆ ಮೆಟ್ಟಿಲು ಹತ್ತಿದವನಲ್ಲ, ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಅದಕ್ಕೇ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು ಅಂತ ತಪ್ಪಿಲ್ಲದೆ ಬರೀತೀನಿ, ಮಿಕ್ಕಿದ್ದು ದೇವರಿಟ್ಟಂಗೆ. ಆದರೆ ಕುರಿ, ಕೋಳಿ ವಿಷಯಕ್ಕೆ ಬಂದರೆ ನನ್ನ ಸಮ ಈ ಸೀಮೆಯಲ್ಲಿ ಯಾರೂ ಇಲ್ಲ. ನನ್ನ ಹಳೇ ಹುಂಜ ಒಂದು ಸಲ ಜೋಗಿಮಟ್ಟಿ ಕಾಡಿನ ಚಿರತೆಯನ್ನ ಅಟ್ಟಿಸಿಕೊಂಡು ಹೋಗಿ, ವಾಪಸ್ ಬರುವಾಗ ದಾರಿ ತಪ್ಪಿ, ಐಮಂಗಲದ ಹೈವೇಯಲ್ಲಿ ಲಾರಿ ಹತ್ತಿ ಮನೆಗೆ ಬಂತು. ನಂಬದಿದ್ದವರು ಹುಂಜನ್ನೇ ಕೇಳಬಹುದಿತ್ತು, ಪಾಪ ಈಗ ಇಲ್ಲ.

ಮೇಡಮ್ಮ ನನ್ನನ್ನೇ ಹುಡುಕಿಕೊಂಡು ಬಂದದ್ದು ಸುಮ್ಮನೆ ಅಲ್ಲ. ಮೇಡಮ್ಮ ಅಂದರೆ ನಮ್ಮ ಬೀದಿಯ ಹುಡುಗಿಯೇ. ಸಿರಿಗೆರೆಗೆ ಹೋಗಿ ಓದಿ, ಅಲ್ಲಿಂದ ಬೆಂಗಳೂರು, ಆಮೇಲೆ ಸಮುದ್ರದಾಚೆ. ಮೊಟ್ಟೆಯೊಳಗೆ ಒಂದು ಚುಕ್ಕಿ ಹೇಗೆ ಮರಿಯಾಗುತ್ತೆ ಅನ್ನೋದನ್ನೇ ಜೀವಮಾನವೆಲ್ಲ ನೋಡಿದಾಕೆ. ನಮ್ಮ ಕಡೆಯ ಹೆಂಗಸರಲ್ಲಿ ಆ ದಾರಿ ಹಿಡಿದವಳು ಇವಳೇ ಮೊದಲಂತೆ. ಕೆಲಸದಿಂದ ನಿವೃತ್ತಿಯಾದ ಮೇಲೆ ಕೆರೆ ಏರಿ ಪಕ್ಕ ಸಣ್ಣ ಮನೆ ಕಟ್ಟಿಸಿ, ಸಣ್ಣದನ್ನ ದೊಡ್ಡದು ಮಾಡಿ ತೋರಿಸೋ ದುರ್ಬೀನು ಇಟ್ಟುಕೊಂಡು ಕುಂತಳು. ಮೊದಲ ದಿನವೇ ನನ್ನ ಜಗಲಿಗೆ ಬಂದು ಹೇಳಿದಳು.

“ಅಣ್ಣ, ನಾನು ಚಿಪ್ಪಿನಾಗೆ ಕಿಟಕಿ ಕೊಯ್ದು ಇಣುಕಿದ ಮೊಟ್ಟೆಗೆ ಲೆಕ್ಕ ಇಲ್ಲ. ನೋಡೋದು, ಬರ್ಕಳದು, ಅಲ್ಲಿಗೆ ಅದರ ಕತೆ ಮುಗೀತು. ನಾನು ನೋಡಿದ ಒಂದು ಮರೀನೂ ಹೊರಗೆ ಬಂದು ನಡೀಲಿಲ್ಲ. ಸಾಯೋದ್ರೊಳಗೆ ಒಂದಾದ್ರೂ ನಡೆಯೋದು ನೋಡ್ಬೇಕು.”

“ಅಷ್ಟೇನಾ? ಒಂದಲ್ಲ ಮೇಡಮ್ಮ, ಒಂದು ಬುಟ್ಟಿ ನಡೆಸ್ತೀನಿ, ಸಾಲಾಗಿ,” ಅಂದೆ ನಾನು. ಬಾಯಿಗೇನು, ತೆರಿಗೆ ಇಲ್ಲ.

ಆಮ್ಲೆಟ್ಟು

ಮೇಡಮ್ಮನ ಹೊಸ ಮನೆ ಇದ್ದದ್ದು ಮೊಟ್ಟೆ ಮುಟ್ಟದವರ ಬೀದಿ. ನಾನು ಬುಟ್ಟಿ ತುಂಬ ಮೊಟ್ಟೆ ಹೊತ್ತುಕೊಂಡು ಹೋಗುವುದು ನೋಡಿ ಗುಸುಗುಸು ಎದ್ದಿತು. “ಆ ವಯಸ್ಸಿಗೆ ಅಷ್ಟು ಮೊಟ್ಟೆ ತಿಂತಾಳಲ್ಲ, ಅರಗ್ತವಾ?” ಅಂತ. ಎದುರು ಮನೆಯ ಯಜಮಾನ್ತಿ ಒಂದು ದಿನ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನುಗ್ಗಿದಳು.

“ನೋಡ್ರೀ, ನೀವು ಓದಿದೋರು. ಆದ್ರೂ ಈ ಬೀದಿಯಾಗೆ...”

ಮೇಡಮ್ಮ “ಬರ್ರಿ, ಕುಂತ್ಕಳ್ರಿ,” ಅಂದು, ಕಾವು ಕೊಡೋ ಬಲ್ಬಿನ ಪೆಟ್ಟಿಗೆಯಿಂದ ಒಂದು ಮೊಟ್ಟೆ ತೆಗೆದಳು. ಚಿಪ್ಪಿನ ಮೇಲೆ ರೂಪಾಯಿ ಬಿಲ್ಲೆಯಗಲ ಕಿಟಕಿ, ಅದಕ್ಕೆ ಕಾಣುವಂಥ ಟೇಪು. ಒಳಗೆ ಕೆಂಪು ದಾರದಂಥ ನರಗಳ ನಡುವೆ ಸಾಸಿವೆ ಕಾಳಿನಷ್ಟು ಏನೋ ಒಂದು, ಟುಕ್ ಟುಕ್ ಅಂತ ಮಿಡಿಯುತ್ತಿತ್ತು.

“ಏನ್ರೀ ಅದು?”

“ಗುಂಡಿಗೆ. ಇನ್ನೂ ಕಣ್ಣಿಲ್ಲ, ಕೊಕ್ಕಿಲ್ಲ, ಕಾಲಿಲ್ಲ. ಗುಂಡಿಗೆ ಮಾತ್ರ ಶುರು ಆಗೈತೆ.”

ಯಜಮಾನ್ತಿ ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲಾಚೆ ಹೋಗಿ ಚಪ್ಪಲಿ ಬಿಟ್ಟು, ಮತ್ತೆ ಬಂದು ನೋಡಿದಳು.

ಮಾರನೇ ಬೆಳಿಗ್ಗೆ ಅವಳ ಗಂಡ ನನ್ನ ದಾರಿ ಅಡ್ಡಗಟ್ಟಿದ. “ಲೇ, ಏನು ತೋರ್ಸಿದ್ರಲೇ ನನ್ನ ಹೆಂಡ್ತಿಗೆ? ಹೊಸದುರ್ಗದ ಸಂತೆ ದಿನ ಗಾಡೀಲಿ ಆಮ್ಲೆಟ್ ತಿಂತಿದ್ದೆ ಅಂತ ರಾತ್ರಿಯೆಲ್ಲ ಕೇಳಿ ಕೇಳಿ ನನ್ನ ಬಾಯಿ ಬಿಡಿಸಿದ್ಲು. ಇಷ್ಟು ವರ್ಷ ಯಾರಿಗೂ ಗೊತ್ತಿರ್ಲಿಲ್ಲ ಕಣೋ!”

ಹೋಳಿಗೆ ವಾಸನೆ

ಸಿರಿಗೆರೆ ಕಡೆಯಿಂದ ಒಂದು ಬಸ್ಸು ಕಾಲೇಜು ಹುಡುಗ ಹುಡುಗಿಯರು ಮೇಡಮ್ಮನ್ನ ನೋಡಲು ಬಂದರು. ಮೇಡಮ್ಮ ಒಳಗೆ ಅವರಿಗೆಂದು ಹೋಳಿಗೆ ಮಾಡಿಸುತ್ತಿದ್ದಳು. “ಅಣ್ಣ, ಒಂದು ಗಳಿಗೆ ಮಾತಾಡಿಸ್ತಿರು,” ಅಂದಳು. ನನಗೆ ಮಾತಾಡಿಸ್ತಿರು ಅನ್ನೋದೂ ಒಂದೇ, ಕೆರೆ ತೂಬು ಎತ್ತೋದೂ ಒಂದೇ.

“ಮಕ್ಕಳಾ,” ಅಂತ ಶುರು ಮಾಡಿದೆ. “ಮೊಟ್ಟೆಯೊಳಗೆ ಮೊದಲು ಎಲ್ಲ ಒಂದೇ ಥರದ ಚುಕ್ಕಿಗಳು. ಇದು ಕಾಲಾಗ್ಬೇಕು, ಅದು ರೆಕ್ಕೆ ಆಗ್ಬೇಕು ಅಂತ ಅವಕ್ಕೆ ಹೆಂಗೆ ಗೊತ್ತಾಗ್ತದೆ? ಮದುವೆ ಪಂಕ್ತಿ ನೆನಸ್ಕಳ್ರಿ. ಕಣ್ಣು ಮುಚ್ಚಿ ಕುಂತಿದೀಯ. ಹೋಳಿಗೆ ವಾಸನೆ ಗಮ್ ಅಂತ ಬಂದ್ರೆ ಅಡಿಗೆ ಮನೆ ಹತ್ರ ಇದೀಯ. ತೆಳ್ಳಗೆ ಬಂದ್ರೆ ನಡುವೆ. ಬರಲೇ ಇಲ್ಲ ಅಂದ್ರೆ ಚಪ್ಪಲಿ ಬಿಡೋ ಜಾಗದಾಗೆ ಇದೀಯ. ಚುಕ್ಕಿಗಳೂ ಹಂಗೇ. ಒಂದು ಮೂಲೆಯಿಂದ ವಾಸನೆಯಂಥದ್ದು ಬರ್ತದೆ, ಅದರ ಮೇಲೆ ತಾನೆಲ್ಲಿದೀನಿ ಅಂತ ತಿಳ್ಕಂಡು ಅಲ್ಲಿಗೆ ಬೇಕಾದ್ದು ಆಗ್ತವೆ.”

ಇದೆಲ್ಲ ಮೇಡಮ್ಮ ನನಗೆ ಹೇಳಿಕೊಟ್ಟದ್ದು. ಹುಡುಗರಿಗೆ ಅದನ್ನ ಹೇಳಲಿಲ್ಲ, ಟೈಮ್ ಇರಲಿಲ್ಲ. ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದರು. ಆಗ ಮುಂದೆ ಕುಂತ ಒಂದು ಕಡ್ಡಿಯಂಥ ಹುಡುಗಿ ಕೈ ಎತ್ತಿದಳು.

“ಅಜ್ಜಾ, ನೆಗಡಿ ಆದೋನು ಏನು ಮಾಡ್ತಾನೆ?”

ನಾನು ಚೊಂಬೆತ್ತಿ ನೀರು ಕುಡಿದೆ. ಖಾಲಿಯಾದ ಮೇಲೂ ಕುಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ಮೇಡಮ್ಮ, ಕೈಯೆಲ್ಲ ಹಿಟ್ಟು.

“ಅದೇ ಕಣಮ್ಮ ಪ್ರಶ್ನೆ! ನೆಗಡಿ ಆದ ಚುಕ್ಕಿ ಏನಾಗ್ತದೆ ಅಂತ ನೋಡೋದ್ರಾಗೇ ನನ್ನ ಅರ್ಧ ಆಯುಷ್ಯ ಹೋತು. ಕೆಲವು ಪಕ್ಕದೋರನ್ನ ನೋಡ್ಕಂಡು ಸರಿ ಹೋಗ್ತವೆ. ಕೆಲವು ಆಗಲ್ಲ. ಯಾಕೆ ಆಗಲ್ಲ ಅಂತ ನನಗೆ ಪೂರ್ತಿ ಗೊತ್ತಾಗ್ಲಿಲ್ಲ, ನೀನು ಹುಡುಕು.”

ಆ ಹುಡುಗಿಯ ಮುಖ ಆಗ ಕಂಡ ಹಂಗೆ ದೀಪಾವಳಿ ದಿನವೂ ಯಾರ ಮುಖವೂ ಕಾಣಲ್ಲ. ಅವಳು ಅಲ್ಲೇ ಹುಡುಕಲು ಶುರು ಮಾಡಿಬಿಟ್ಟಳು. ಊಟಕ್ಕೆ ಕುಂತಾಗ ಮೂಗು ಬಿಗಿಯಾಗಿ ಹಿಡಿದುಕೊಂಡು ಹೋಗಿ ಪಂಕ್ತಿಯ ಕಟ್ಟಕಡೆಯಲ್ಲಿ ಕುಂತಳು. ಊಟ ಮುಗಿದ ಮೇಲೆ ನನ್ನ ಹತ್ತಿರ ಬಂದು ವರದಿ ಒಪ್ಪಿಸಿದಳು.

“ಅಜ್ಜಾ, ನೆಗಡಿ ಆದೋನಿಗೆ ಹೋಳಿಗೆ ಸಿಗಲ್ಲ.”

ಹೆರಿಗೆ ಕೇಸು

ಮೊದಲ ಬುಟ್ಟಿಯಲ್ಲಿ ಒಂದು ಮೊಟ್ಟೆಯೂ ಉಳಿಯಲಿಲ್ಲ. ಎರಡನೆಯದೂ ಅಷ್ಟೇ. ಸತ್ತದ್ದನ್ನ ಮೇಡಮ್ಮ ಕಸಕ್ಕೆ ಹಾಕುತ್ತಿರಲಿಲ್ಲ, ನುಗ್ಗೆ ಗಿಡದ ಬುಡದಲ್ಲಿ ತಾನೇ ಗುಂಡಿ ತೋಡಿ ಇಡುತ್ತಿದ್ದಳು. “ನಾನು ಇಣುಕದೇ ಇದ್ದಿದ್ರೆ ಬದುಕ್ತಿದ್ವೇನೋ,” ಅಂದಳು ಒಂದು ಸಲ. ನಾನು ಅವಳ ಕೈಯಿಂದ ಗುದ್ದಲಿ ಇಸ್ಕೊಂಡು ಮಣ್ಣು ಮುಚ್ಚಿದೆ.

ಮೂರನೇ ಬುಟ್ಟಿ ಪೆಟ್ಟಿಗೆಯಲ್ಲಿದ್ದಾಗ ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ಬಲ್ಬು ಆರಿದರೆ ಕಾವು ಇಲ್ಲ. ಮೇಡಮ್ಮ ಶಾಲು ಹೊದಿಸಿ, ಬಿಸಿನೀರಿನ ಬಾಟಲಿ ಇಟ್ಟು, ಪೆಟ್ಟಿಗೆ ತಬ್ಬಿಕೊಂಡು ಕುಂತಳು. ನಾನು ಲೈನ್‌ಮನ್ನಿಗೆ ಫೋನ್ ಹಚ್ಚಿದೆ. “ಹೆರಿಗೆ ಕೇಸಪ್ಪಾ! ಜೀವ ಹೋಗ್ತೈತೆ! ಬೇಗ ಬಾ!”

ಪುಣ್ಯಾತ್ಮ ತಟ್ಟೆ ಬಿಟ್ಟು ಬೈಕು ಹತ್ತಿ ಬಂದ, ಕಂಬ ಹತ್ತಿ ಫ್ಯೂಸು ಹಾಕಿದ. ಬೆವರು ಒರೆಸಿಕೊಂಡು ಒಳಗೆ ಬಂದು ಅತ್ತಿತ್ತ ನೋಡಿದ.

“ಬಾಣಂತಿ ಎಲ್ಲಜ್ಜ?”

ನಾನು ಪೆಟ್ಟಿಗೆ ತೋರಿಸಿದೆ.

ಅವನು ಮೊಟ್ಟೆ ನೋಡಿದ, ನನ್ನನ್ನ ನೋಡಿದ. “ಇವರಪ್ಪ ಯಾರು?” ಅಂದ ಹಲ್ಲು ಕಡಿಯುತ್ತ.

ಕಾಂಪೌಂಡಿನ ಮೇಲೆ ನನ್ನ ಈಗಿನ ಹುಂಜ ಕುಂತಿತ್ತು. ಕೈ ತೋರಿಸಿದೆ. “ಅಲ್ಲವ್ನೆ ನೋಡು. ನೀನು ಬಂದಿದ್ದಕ್ಕೆ ಅವನಿಗೂ ಸಮಾಧಾನ ಆತು.”

ಬೈದು ಹೋದ, ತಪ್ಪೇನಿಲ್ಲ. ಆದರೆ ಅವತ್ತಿಂದ ನಮ್ಮೂರಲ್ಲಿ ಕರೆಂಟು ಹೋದರೆ ನಾವು ಫೋನ್ ಮಾಡುವ ಮೊದಲೇ ಅವನೇ ಮಾಡುತ್ತಾನೆ. “ಅಜ್ಜ, ಮಕ್ಕಳು ಬೆಚ್ಚಗವ್ರಾ?”

ನಾನು ಕಾವಿಗೆ ಕುಂತದ್ದು

ಆ ಬುಟ್ಟಿಯಲ್ಲಿ ಒಂದೇ ಒಂದು ಉಳಿಯಿತು. ದಿನಾ ಇಣುಕಿ, ದಿನಾ ಟೇಪು ಹಚ್ಚಿದರೂ ಅದು ಗಟ್ಟಿಯಾಗಿ ಬೆಳೆಯುತ್ತಿತ್ತು. ಇನ್ನೇನು ಮರಿ ಬಿಡಬೇಕು, ಅಷ್ಟರಲ್ಲಿ ಮೇಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಚಿತ್ರದುರ್ಗದ ಆಸ್ಪತ್ರೆಗೆ ಒಯ್ಯಲು ಆಂಬುಲೆನ್ಸಿಗೆ ಎತ್ತುವಾಗ ಅವಳು “ಅಯ್ಯೋ” ಅನ್ನಲಿಲ್ಲ. “ಅಣ್ಣ, ಅದೊಂದು...” ಅಂದಳು ಅಷ್ಟೇ.

ಕರೆಂಟು ನಂಬುವಂಗಿಲ್ಲ ಅಂತ ಮೊಟ್ಟೆಯನ್ನ ನಮ್ಮನೆಯ ಕಾವಿನ ಕೋಳಿಯ ಕೆಳಗಿಟ್ಟೆ. ಮರುದಿನವೇ ಬೀದಿನಾಯಿ ಅಂಗಳಕ್ಕೆ ನುಗ್ಗಿ, ಕೋಳಿ ಹಾರಿ ಹೆಂಚಿನ ಮೇಲೆ ಕುಂತದ್ದು ಕೆಳಗೆ ಇಳಿಯಲೇ ಇಲ್ಲ. ಮೊಟ್ಟೆ ತಣ್ಣಗಾಗುತ್ತಿತ್ತು. ನಾನು ಹಿಂದೆಮುಂದೆ ನೋಡಲಿಲ್ಲ. ಅಂಗಿ ಬಿಚ್ಚಿ, ಮೊಟ್ಟೆಯನ್ನ ಹೊಟ್ಟೆಗೆ ಅವುಚಿಕೊಂಡು, ಕಂಬಳಿ ಸುತ್ತಿಕೊಂಡು ಜಗಲಿಯ ಮೂಲೆಯಲ್ಲಿ ಕುಂತೆ.

ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. “ಮಕ್ಕಳು ಹುಟ್ಟಿದಾಗ ತೊಟ್ಟಿಲು ತೂಗು ಅಂದ್ರೆ ಕೈ ನೋವು ಅಂದೆ. ಈಗ ಕಾವಿಗೆ ಕುಂತಿದೀಯಾ?”

“ಮೆಲ್ಲಗೆ ಮಾತಾಡೇ, ಹೆದರ್ಕಳ್ತದೆ.”

ಒಳಗೆ ಹೋದಳು. ಊಟ ತರುತ್ತಾಳೆ ಅಂದುಕೊಂಡೆ. ಒಂದು ಹಿಡಿ ರಾಗಿ ತಂದು ನನ್ನ ಮುಂದೆ ಎರಚಿದಳು. “ತಿನ್ನು. ಬಾ ಬಾ ಬಾ.”

ಬೀದಿ ಜನವೆಲ್ಲ ನಕ್ಕರು. ನಗಲಿ. ನಾನು ಕುಂತ ಹಂಗೆ ಕುಂತಿದ್ದೆ. ಆದರೆ ಮನುಷ್ಯ ಅಂದ ಮೇಲೆ ಬಯಲ ಕಡೆ ಹೋಗಲೇಬೇಕಲ್ಲ. ಎದ್ದು ಒದ್ದಾಡುತ್ತಿದ್ದಾಗ ಅವಳೇ ಮಡಿಲು ಒಡ್ಡಿದಳು. “ತಾ ಇಲ್ಲಿ.” ನಾನು ಹೋಗಿ ಬಂದು ಕೈ ಚಾಚಿದರೆ ಕೊಡಲಿಲ್ಲ.

“ಸುಮ್ನಿರು. ನಿನ್ನ ಹೊಟ್ಟೆ ಗುಡುಗುಡು ಅಂತಿರ್ತದೆ, ಪಾಪ ಅದಕ್ಕೆ ನಿದ್ದೆ ಇಲ್ಲ. ಇಲ್ಲಿ ಆರಾಮಾಗೈತೆ.”

ಆಮೇಲೆ ಆ ಒಂದು ಮೊಟ್ಟೆಗೆ ನಾವಿಬ್ಬರೂ ಆಡಿದಷ್ಟು ಜಗಳ ಅಣ್ಣತಮ್ಮಂದಿರು ತೋಟ ಹಂಚಿಕೊಳ್ಳುವಾಗಲೂ ಆಡಲ್ಲ.

ಅರ್ಧ ಟಿಕೆಟ್ಟು

ಒಂದು ಬೆಳಿಗ್ಗೆ ಚಿಪ್ಪಿನಲ್ಲಿ ಬಿರುಕು ಕಂಡಿತು, ಒಳಗಿಂದ ಕೀ ಕೀ ಅಂತ ಸದ್ದು. ಅದೇ ಹೊತ್ತಿಗೆ ಮೇಡಮ್ಮನ ಫೋನು. ನಾಳೆ ಆಪರೇಷನ್ನು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ, ಡಾಕ್ಟರು ಧೈರ್ಯವಾಗಿ ಏನೂ ಹೇಳುತ್ತಿಲ್ಲ.

“ಅಣ್ಣ, ಅದು?”

“ಕೂಗ್ತೈತೆ ಮೇಡಮ್ಮ!”

ಆ ಕಡೆ ಮೇಡಮ್ಮ ಮೊದಲು ನಕ್ಕಳು. ಆಮೇಲೆ ಮೆಲ್ಲಗೆ, “ನಡೆಯೋದು ನಾನು ನೋಡೋಕಾಗಲ್ವಲ್ಲ ಅಣ್ಣ,” ಅಂದಳು.

ನಾನು ಕಂಬಳಿ ಸುತ್ತಿಕೊಂಡೆ, ಮೊಟ್ಟೆಯನ್ನ ಒಳಗೆ ಬೆಚ್ಚಗೆ ಇಟ್ಟುಕೊಂಡೆ, ದುರ್ಗದ ಬಸ್ಸು ಹತ್ತಿದೆ. ಟಿಕೆಟ್ಟು ತಗೊಂಡೆ, ಒಂದು. ಪಕ್ಕದಲ್ಲಿ ಕುಂತ ಹೆಂಗಸು ಸ್ವಲ್ಪ ಹೊತ್ತು ನನ್ನ ಹೊಟ್ಟೆಯನ್ನೇ ನೋಡಿ, “ಯಜಮಾನ್ರೇ, ಏನಾದ್ರೂ ತಿಂದ್ರಾ? ಹೊಟ್ಟೆ ಕೂಗ್ತೈತೆ,” ಅಂತ ಕಡ್ಲೆಪುರಿ ಕೊಟ್ಟಳು.

ಹೊಳಲ್ಕೆರೆಯಲ್ಲಿ ಬಸ್ಸು ನಿಂತಿತು, ಡ್ರೈವರ್ರು ಟೀಗೆ ಇಳಿದರು. ಆಗ ಕಂಬಳಿಯೊಳಗೆ ಏನೋ ಒದ್ದಾಡಿತು. ತೆಗೆದು ನೋಡಿದರೆ ಚಿಪ್ಪು ಎರಡು ಹೋಳು. ನಡುವೆ ಒದ್ದೆಯಾದ, ಕತ್ತು ಎತ್ತಲಾರದ ಒಂದು ಜೀವ. ಬಸ್ಸಿನ ಜನವೆಲ್ಲ ಸೀಟು ಬಿಟ್ಟು ಎದ್ದು ಬಂದರು. ಕಂಡಕ್ಟರ್ರೂ ಬಂದ, ಅವನು ಮಾತ್ರ ಟಿಕೆಟ್ಟಿನ ಮಿಷನ್ನು ಹಿಡಿದುಕೊಂಡು.

“ಯಜಮಾನ್ರೇ, ಕೋಳಿಗೆ ಅರ್ಧ ಟಿಕೆಟ್ಟು. ರೂಲ್ಸು.”

“ಹತ್ತುವಾಗ ಮೊಟ್ಟೆ ಆಗಿತ್ತಪ್ಪ!”

“ಈಗ ಕೋಳಿ.”

ಪಕ್ಕದಿಂದ ಕಡ್ಲೆಪುರಿ ಹೆಂಗಸು ಕೂಗಿದಳು. “ಹೆಣ್ಣು ಮರಿ ಆದ್ರೆ ಫ್ರೀ ಅಲ್ವೇನಪ್ಪ?”

“ಆಧಾರ್ ಕಾರ್ಡು ತೋರ್ಸಿ, ಬಿಡ್ತೀನಿ,” ಅಂದ ಕಂಡಕ್ಟರ್ರು. ಗಟ್ಟಿ ಮನುಷ್ಯ. “ಸರಿ, ಇದು ಎಲ್ಲಿಂದ ಕೋಳಿ ಆತು ಹೇಳ್ರಿ. ಅಲ್ಲಿಂದ ಹರೀತೀನಿ.”

ಅಲ್ಲಿಗೆ ಬಸ್ಸು ಎರಡು ಪಾರ್ಟಿ ಆಯಿತು. ಚಿಪ್ಪು ಒಡೆದ ಮೇಲೇ ಕೋಳಿ ಅಂತ ಮುಂದಿನ ಸೀಟಿನವರು. ಕೂಗು ಕೇಳಿತಲ್ಲ, ಆಗಲೇ ಕೋಳಿ ಅಂತ ಹಿಂದಿನವರು. ನಾನು ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ಬಾಯಿ ಕೇಳಬೇಕಲ್ಲ. “ನಿಮಗೇನ್ರಿ ಗೊತ್ತು? ಇದರ ಗುಂಡಿಗೆ ಬಡಿಯೋದು ನಾನು ಎಂದೋ ಕಣ್ಣಾರೆ ನೋಡೀನಿ, ನಮ್ಮೂರ ಕೆರೆ ಏರಿ ಪಕ್ಕದ ಮನೆಯಾಗೆ!” ಅಂದುಬಿಟ್ಟೆ.

ಕಂಡಕ್ಟರ್ರು ಮಿಷನ್ನು ಒತ್ತಿ ಒತ್ತಿ ಸುಸ್ತಾದ. “ಯಜಮಾನ್ರೇ, ನಿಮ್ಮ ಕೆರೆ ಏರಿ ಇದ್ರಾಗೆ ಬರಲ್ಲ. ಅಲ್ಲಿ ಸ್ಟಾಪಿಲ್ಲ. ನಿಂತಿರೋ ಜಾಗದಿಂದ ಕೊಡ್ತೀನಿ, ಹಿಡೀರಿ.” ಕೊಟ್ಟ. ಆಮೇಲೆ, ಡ್ರೈವರ್ರು ಟೀ ಕುಡಿದು ಹತ್ತಿದಾಗ, ತನ್ನ ಕರ್ಚೀಫನ್ನೂ ಕೊಟ್ಟ. “ಒರೆಸ್ರಿ, ಗಾಳಿ ತಣ್ಣಗೈತೆ. ಡ್ರೈವರ್ರೇ, ಮೆಲ್ಲಗೆ ಹೋಗಾಣ, ಕೂಸೈತೆ.”

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮರಿ ಒಣಗಿ, ಹತ್ತಿ ಉಂಡೆಯಂಗಾಗಿತ್ತು. ಮೇಡಮ್ಮ ಹಾಸಿಗೆಗೆ ಅಂಟಿಕೊಂಡು ಸಣ್ಣಗೆ ಕಾಣುತ್ತಿದ್ದಳು. ನಾನು ಕಂಬಳಿ ಬಿಚ್ಚಿ, ಮರಿಯನ್ನ ಅವಳ ಮೊಣಕಾಲ ಹತ್ತಿರ ಹೊದಿಕೆಯ ಮೇಲೆ ಬಿಟ್ಟೆ.

ಬಿತ್ತು. ಎದ್ದಿತು. ಮತ್ತೆ ಬಿತ್ತು. ಆಮೇಲೆ ಒಂದೊಂದೇ ಹೆಜ್ಜೆ ಇಡುತ್ತ, ತೂರಾಡುತ್ತ, ಹೊದಿಕೆಯ ಮಡಿಕೆಗಳನ್ನ ಹತ್ತಿ ಇಳಿದು, ಅವಳ ಅಂಗೈ ತನಕ ನಡೆಯಿತು. ಎದೆಯ ಪುಕ್ಕದ ನಡುವೆ ಟೇಪಿನ ಒಂದು ಚೂರು ಇನ್ನೂ ಅಂಟಿಕೊಂಡಿತ್ತು. ಮೇಡಮ್ಮ ಅದನ್ನ ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಕಣ್ಣಿಂದ ನೀರು ಕಿವಿಯ ಕಡೆ ಹರಿಯಿತು, ಒರೆಸಿಕೊಳ್ಳಲಿಲ್ಲ, ಕೈಯಲ್ಲಿ ಮರಿ ಇತ್ತಲ್ಲ.

“ಬಸ್ಸಿನಾಗೆ ತಂದ್ಯಾ ಅಣ್ಣ?”

“ಸುಮ್ನೆ ಅಲ್ಲ, ಟಿಕೆಟ್ ತಗಂಡೇ ತಂದೀನಿ,” ಅಂತ ಅರ್ಧ ಟಿಕೆಟ್ಟು ತೆಗೆದುಕೊಟ್ಟೆ. ಬಸ್ಸಿನ ರಗಳೆಯೆಲ್ಲ ಹೇಳಿದೆ. ಮೇಡಮ್ಮ ಟಿಕೆಟ್ಟನ್ನ ಕಣ್ಣಿನ ಹತ್ತಿರ ಹಿಡಿದು ಓದಿದಳು. ಓದಿ ನಗಲು ಶುರು ಮಾಡಿದಳು. ಮಂಚ ಅಲುಗುವಂಗೆ ನಕ್ಕಳು. ಅಲುಗಾಡಬಾರದು ಅಂತ ನರ್ಸಮ್ಮ ಓಡಿ ಬಂದಳು. “ಏನಾಯ್ತು ಮೇಡಂ?”

“ಯಾವ ದೇಶಕ್ಕೆ ಹೋಗಿ ಮಾತಾಡಿದ್ರೂ ಕೊನೆಗೆ ಒಬ್ಬ ಎದ್ದು ನಿಲ್ಲೋನಮ್ಮ, ಮೊಟ್ಟೆ ಎಲ್ಲಿಂದ ಕೋಳಿ ಅನ್ನಿಸ್ಕಳ್ತದೆ ಹೇಳಿ ಅಂತ. ಹಂಗೆಲ್ಲ ಗೆರೆ ಎಳೆಯೋಕಾಗಲ್ಲ ಅಂತ ಜೀವನಪೂರ್ತಿ ತಪ್ಪಿಸ್ಕಂಡೆ.” ಟಿಕೆಟ್ಟನ್ನ ನರ್ಸಮ್ಮನ ಮುಖದ ಮುಂದೆ ಹಿಡಿದಳು. “ಇಲ್ಲಿ ನೋಡು, ಸರ್ಕಾರದೋರೇ ಬರ್ದುಕೊಟ್ಟವ್ರೆ. ಹೊಳಲ್ಕೆರೆಯಿಂದ!”